ಎಷ್ಟು ಮಕ್ಕಳು ಎಂದು ಬರೆದುಕೊಂಡು ಹೋದವರು

(ಹಾಸ್ಟೆಲ್ ವಿದ್ಯಾರ್ಥಿ-ವಿದ್ಯಾರ್ಥಿನಿಯರ ಅಧ್ಯಯನ ಶಿಬಿರದ ಎರಡನೆಯ ದಿನ ಸಮಾಜಶಾಸ್ತ್ರದ ನಿವೃತ್ತ ಅಧ್ಯಾಪಕಿಯೊಬ್ಬರು ಆಡಿದ ಮಾತು. ಶಿಬಿರದ ಗೆಳೆಯರು ಬರೆದುಕೊಂಡದ್ದು. ಆಡುಮಾತನ್ನು ಹೆಚ್ಚು ತಿದ್ದಿಲ್ಲ.)



ಈಗ ತಾನೇ ಅಧ್ಯಕ್ಷರು "ಕುಟುಂಬ, ಸಂತಾನ ಮತ್ತು ಶಿಕ್ಷಣ" ಅಂತ ನನ್ನ ವಿಷಯ ಹೇಳಿದಾಗ ಹಿಂದಿನ ಸಾಲಿನ ಹುಡುಗರು ಕಿಸಕ್ಕನೆ ನಕ್ಕರು. ನಗಲಿ, ನನಗೇನೂ ಬೇಜಾರಿಲ್ಲ. ಸಂತಾನ ಅಂದ ಕೂಡಲೆ ನಗು ಬರುವ ವಯಸ್ಸು ಅದು. ಆದರೆ ಇದೇ ವಿಷಯ ಬಿ.ಎ. ಪರೀಕ್ಷೆಯಲ್ಲಿ ಹತ್ತು ಅಂಕದ ಪ್ರಶ್ನೆಯಾಗಿ ಬಂದಾಗ ನೀವು ನಗುವುದಿಲ್ಲ. "ಜನಸಂಖ್ಯೆಯ ಹೆಚ್ಚಳಕ್ಕೆ ಕಾರಣಗಳನ್ನು ವಿವರಿಸಿ." ಗೈಡಿನಲ್ಲಿ ಉರು ಹೊಡೆದದ್ದನ್ನು ಬರೀತೀರಿ: ಬಡತನ, ಅನಕ್ಷರತೆ, ಬಾಲ್ಯವಿವಾಹ, ಮೂಢನಂಬಿಕೆ. ನಾಲ್ಕು ಕಾರಣ, ನಾಲ್ಕರ ಕೆಳಗೂ ಗೆರೆ. ವರ್ಷಗಟ್ಟಲೆ ಆ ಉತ್ತರಗಳಿಗೆ ಅಂಕ ಹಾಕಿದವಳು ನಾನು. ಒಂದೊಂದು ಸಲ ಕೆಂಪು ಪೆನ್ನು ಹಿಡಿದು ಸುಮ್ಮನೆ ಕೂತುಬಿಡುತ್ತಿದ್ದೆ. ಈ ಹುಡುಗ ಯಾರ ಮೇಲೆ ಬರೀತಿದ್ದಾನೆ ಅಂತ ಇವನಿಗೆ ಗೊತ್ತಿದೆಯಾ? ಬಡವಿ, ಓದು ಬಾರದವಳು, ಸಣ್ಣ ವಯಸ್ಸಿಗೆ ಮದುವೆಯಾದವಳು, ಮಾರಮ್ಮನಿಗೆ ಹರಕೆ ಹೊತ್ತವಳು. ಅವಳು ಇವನ ಅವ್ವ. ಹತ್ತು ಅಂಕಕ್ಕೆ ಹಡೆದವ್ವನ ಮೇಲೆ ದೂರು ಬರೆದುಕೊಡ್ತಾ ಇದ್ದಾನೆ.

ಆ ದೂರು ಎಷ್ಟು ನಿಜ, ಎಷ್ಟು ಸುಳ್ಳು ಅನ್ನುವುದನ್ನೇ ಇವತ್ತು ಮಾತಾಡೋಣ. ಭಾವನೆಯಿಂದ ಬೇಡ. ಸಂಶೋಧಕರು ಊರೂರು ತಿರುಗಿ ಬರೆದುಕೊಂಡು ಹೋದದ್ದನ್ನೇ ಇಟ್ಟುಕೊಂಡು ಮಾತಾಡೋಣ.

ಬರೆದುಕೊಂಡು ಹೋದವರಲ್ಲಿ ನಾನೂ ಒಬ್ಬಳು. ಎಂಬತ್ತರ ದಶಕದ ಮೊದಲಲ್ಲಿ ಎಂ.ಎ. ಮುಗಿಸಿ ಕೆಲಸವಿಲ್ಲದೆ ಕೂತಿದ್ದಾಗ ಒಂದು ಸಮೀಕ್ಷೆಗೆ ದಿನಗೂಲಿ ಮೇಲೆ ಸೇರಿಕೊಂಡೆ. ಕೈಯಲ್ಲಿ ಉದ್ದನೆ ಪ್ರಶ್ನಾವಳಿ. ನಮ್ಮ ಮೇಲ್ವಿಚಾರಕರು ಊರಿಗೆ ಹೋದ ಕೂಡಲೆ ಪಟೇಲರ ಮನೆ ಜಗುಲಿ ಹಿಡಿದು ಕೂರೋರು. ಊರೊಳಗಿನ ಮನೆಗಳಿಗೆ ನಾವು ಹೋಗಬೇಕು. ಕೇರಿಯ ಹೆಂಗಸರು ಮಾತ್ರ ಜಗುಲಿ ಮುಂದಿನ ಹೊಂಗೆ ಮರದ ಕೆಳಗೆ ಬಂದು ನಿಂತು ಉತ್ತರ ಹೇಳಬೇಕು. ಹತ್ತು ಗಂಡಸರ ಎದುರು ನಿಂತು "ಮುಟ್ಟು ನಿಂತು ಎಷ್ಟು ತಿಂಗಳಾಯ್ತು, ಎಷ್ಟು ಬಸಿರು ಇಳಿದುಹೋಯ್ತು" ಅನ್ನೋದಕ್ಕೆ ಯಾವ ಹೆಂಗಸು ಬಾಯಿ ಬಿಡ್ತಾಳೆ? ಬಿಡಲಿಲ್ಲ. "ಉತ್ತರಿಸಲು ನಿರಾಕರಣೆ" ಅನ್ನುವ ಕಡೆ ಗುರುತು ಹಾಕಿಸಿದರು. ಮುಂದೆ ಎಲ್ಲೋ ಒಂದು ವರದಿಯಲ್ಲಿ ಪರಿಶಿಷ್ಟ ಜಾತಿಯ ಮಹಿಳೆಯರು ಸಹಕರಿಸಲಿಲ್ಲ ಅಂತ ಬಂದಿದ್ದರೆ ಅದರಲ್ಲಿ ನನ್ನ ಕೈಯೂ ಇದೆ.

ಸಂಜೆ ನಾನೊಬ್ಬಳೇ ಕೇರಿಗೆ ಹೋದೆ. ನಾನು ಯಾರ ಪೈಕಿ ಅಂತ ಅವರಿಗೂ ಗೊತ್ತಾಯ್ತು. ಒಬ್ಬಳು ಅಜ್ಜಿ ಒಲೆ ಮುಂದೆ ಕೂರಿಸಿ ಬೆಲ್ಲದ ಕಾಫಿ ಕೊಟ್ಟಳು.

"ಎಷ್ಟು ಮಕ್ಕಳಜ್ಜಿ ನಿಂಗೆ?"

"ಇಬ್ರು ಕಣವ್ವ."

"ಹೆಣ್ಣುಮಕ್ಕಳು?"

"ಅವು ಮೂರವೆ. ಮೂರೂ ಕೊಟ್ಟ ಮನೇಲವೆ."

"ಸತ್ತವು?"

ಅಜ್ಜಿ ಒಲೆಯ ಕಡೆ ನೋಡಿದಳು. ಬೆರಳು ಮಡಚಿದಳು. ನಾಲ್ಕು. ಇಬ್ಬರಿದ್ದದ್ದು ಒಂಬತ್ತಾಯಿತು. ಸಮೀಕ್ಷೆ ಮಾಡುವವರಿಗೆ ಇದು ಹೊಸದಲ್ಲ. ಮಕ್ಕಳು ಅಂದರೆ ಗಂಡುಮಕ್ಕಳನ್ನು ಮಾತ್ರ ಎಣಿಸುವವರಿದ್ದಾರೆ, ಹುಟ್ಟಿ ತೀರಿಕೊಂಡದ್ದನ್ನು ಬಿಡುವವರಿದ್ದಾರೆ, ಕೆದಕಿ ಕೇಳಿ ಅಂತ ನಮಗೆ ತರಬೇತಿಯಲ್ಲೇ ಹೇಳಿರುತ್ತಾರೆ. ಮುಂದಿನ ಪ್ರಶ್ನೆ: ನಿಮಗೆ ಎಷ್ಟು ಮಕ್ಕಳು ಬೇಕಿತ್ತು? "ದ್ಯಾವ್ರು ಕೊಟ್ಟಷ್ಟು." ಅದಕ್ಕೂ ಒಂದು ಸಂಖ್ಯೆ ಇತ್ತು ನಮ್ಮ ಹತ್ತಿರ, ಅಂಕಿ ಹೇಳದ ಉತ್ತರ ಅಂತ ಗುರುತು ಹಾಕೋದು. ಗುರುತು ಹಾಕಿ ಏಳುವಾಗ ಅಜ್ಜಿ ಕೇಳಿದಳು: "ನಮ್ಮ ದೊಡ್ಡೋನು ಗೌಡ್ರ ಮನೇಲಿ ಜೀತಕ್ಕವ್ನೆ. ಅದ ಬರಕೊಂಡ್ಯೇನವ್ವ?"

ಪ್ರಶ್ನಾವಳಿ ತಿರುವಿ ನೋಡಿದೆ. ಅದಕ್ಕೆ ಕಾಲಂ ಇರಲಿಲ್ಲ. ಜೀತ ರದ್ದು ಮಾಡಿದ ಕಾನೂನು 1976ರಲ್ಲೇ ಬಂದಿತ್ತು ನೋಡಿ, ಹಾಗಾಗಿ ಕಾಗದದ ಮೇಲೆ ಜೀತ ಇರಲೇ ಇಲ್ಲ.

ಅಜ್ಜಿ ಕೇಳಿದ ಪ್ರಶ್ನೆಯನ್ನೇ ಒಬ್ಬ ಯುವಕ ಪಂಜಾಬಿನಲ್ಲಿ ಹಿಡಿದು ಹೊರಟಿದ್ದ ಅಂತ ನನಗೆ ತಿಳಿದದ್ದು ಆಮೇಲೆ. ಅದನ್ನ ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕಂದ್ರೆ ನಿಮ್ಮ ಗೈಡುಗಳಲ್ಲಿ ಇದು ಸಿಗೋದಿಲ್ಲ.

ಐವತ್ತರ ದಶಕದಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಸಾರ್ವಜನಿಕ ಆರೋಗ್ಯ ಶಾಲೆಯವರು ಪಂಜಾಬಿನ ಲೂಧಿಯಾನ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ದೊಡ್ಡ ಪ್ರಯೋಗ ನಡೆಸಿದರು. ಖನ್ನಾ ಅಧ್ಯಯನ ಅಂತ ಹೆಸರು. ಖರ್ಚು ಸುಮಾರು ಹತ್ತು ಲಕ್ಷ ಡಾಲರ್. ಮನೆಮನೆಗೆ ಹೋಗಿ ಗರ್ಭ ತಡೆಯುವ ನೊರೆಮಾತ್ರೆ ಹಂಚಿದರು. ಜನ ಕೈಚಾಚಿ ತೆಗೆದುಕೊಂಡರು. ಸಂಶೋಧಕರಿಗೆ ಸಂತೋಷ. ಆದರೆ ಹುಟ್ಟುವ ಮಕ್ಕಳ ಲೆಕ್ಕ ತೆಗೆದರೆ ಮಾತ್ರೆ ಹಂಚಿದ ಹಳ್ಳಿಗೂ ಹಂಚದ ಹಳ್ಳಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. 1970ರ ಸುಮಾರಿಗೆ ಮಹಮೂದ್ ಮಮ್ದಾನಿ ಅನ್ನುವ ವಿದ್ಯಾರ್ಥಿ, ಉಗಾಂಡದಲ್ಲಿ ಬೆಳೆದ ಭಾರತೀಯ ಮೂಲದವನು, ಆ ಹಳ್ಳಿಗಳಲ್ಲಿ ಒಂದಾದ ಮನುಪುರಕ್ಕೆ ಹೋಗಿ ಜನರನ್ನೇ ಕೇಳಿದ: ಮಾತ್ರೆ ಏನು ಮಾಡಿದಿರಿ? ಒಬ್ಬ ಮಾತ್ರೆಯ ಪೆಟ್ಟಿಗೆಗಳನ್ನೆಲ್ಲ ಒಂದರ ಮೇಲೊಂದು ಅಂಟಿಸಿ ಗೊಂಬೆಯಂತೆ ಕಟ್ಟಿ ಮನೆಯಲ್ಲಿಟ್ಟಿದ್ದ. ದೂರದಿಂದ ಬಂದ ದೊಡ್ಡವರು ಪ್ರೀತಿಯಿಂದ ಕೊಟ್ಟಾಗ ಬೇಡ ಅಂದರೆ ಚೆನ್ನಾಗಿರುತ್ತದೆಯೆ ಅಂತ ತೆಗೆದುಕೊಂಡಿದ್ದರು, ಅಷ್ಟೆ.

ಯಾಕೆ ಬಳಸಲಿಲ್ಲ ಅನ್ನುವುದಕ್ಕೆ ಮಮ್ದಾನಿ ಕೊಟ್ಟ ಉತ್ತರ ಸರಳ. ಭೂಮಿ ಇಲ್ಲದ, ಇದ್ದರೂ ತುಂಡು ಭೂಮಿ ಇರುವ ಮನೆಗೆ ಮಕ್ಕಳೇ ಆಸ್ತಿ. ಯಂತ್ರ ಕೊಳ್ಳಲಾಗದವನಿಗೆ ಮಗನ ತೋಳು, ಆಳು ಇಡಲಾಗದವನಿಗೆ ಮಗಳ ಕೈ, ಪಿಂಚಣಿ ಇಲ್ಲದವನಿಗೆ ಮುಪ್ಪಿನಲ್ಲಿ ಇಬ್ಬರೂ. ಅಲ್ಲಿ ಒಬ್ಬ ನೀರು ಹೊರುವವನಿದ್ದ. ಪ್ರಯೋಗದವರು ಅವನಿಗೆ ನೀನು ಬಡವ, ಇಷ್ಟು ಮಕ್ಕಳನ್ನು ಹೇಗೆ ಸಾಕ್ತೀಯ ಅಂತ ಬುದ್ಧಿ ಹೇಳಿದ್ದರಂತೆ. ಹತ್ತು ವರ್ಷದ ಮೇಲೆ ಮಮ್ದಾನಿಯನ್ನು ನೋಡಿ, ಅದೇ ಪ್ರಯೋಗದವರ ಪೈಕಿ ಇವನೂ ಒಬ್ಬ ಅಂದುಕೊಂಡು, ನನ್ನ ಗಂಡುಮಕ್ಕಳೆಲ್ಲ ದುಡಿದು ತಂದು ಹಾಕ್ತಾರೆ, ಮಕ್ಕಳು ಹೆಚ್ಚಾದದ್ದರಿಂದಲೇ ನಾನೀಗ ಸುಖವಾಗಿದ್ದೇನೆ ಅಂತ ಅವನೇ ತಿರುಗಿಸಿ ಬುದ್ಧಿ ಹೇಳಿದ. ಮಮ್ದಾನಿಯ ಪುಸ್ತಕ 1972ರಲ್ಲಿ ಬಂತು. ಅದರ ಸಾರ ಇಷ್ಟು: ಮಕ್ಕಳು ಹೆಚ್ಚಾಗಿ ಇವರು ಬಡವರಾಗಲಿಲ್ಲ, ಬಡವರಾದ್ದರಿಂದ ಇವರಿಗೆ ಮಕ್ಕಳು ಬೇಕಾದವು. ನಿಮ್ಮ ಗೈಡು ಗಾಡಿಯನ್ನು ಎತ್ತಿನ ಮುಂದೆ ಕಟ್ಟಿದೆ.

ಆದರೂ ಮಮ್ದಾನಿಯ ಮಾತಿಗೆ ಒಂದು ತಕರಾರು ನನ್ನದಿದೆ. ಆರು ಗಂಡುಮಕ್ಕಳನ್ನು ಆಸ್ತಿ ಅಂತ ಎಣಿಸಿದವನು ಗಂಡಸು. ಹೊತ್ತವಳನ್ನು ಅಷ್ಟು ವಿವರವಾಗಿ ಯಾರೂ ಕೇಳಲಿಲ್ಲ. ಇನ್ನೊಂದು ಸಂಗತಿ ಅದೇ ಖನ್ನಾ ಅಧ್ಯಯನದ ಕೊನೆಯಲ್ಲಿ ಬಯಲಾಯಿತು. 1969ರಲ್ಲಿ ಅದೇ ಹಳ್ಳಿಗಳಿಗೆ ತಿರುಗಿ ಹೋಗಿ ಲೆಕ್ಕ ಹಾಕಿದಾಗ ಹುಟ್ಟುವ ಮಕ್ಕಳ ಪ್ರಮಾಣ ಸ್ವಲ್ಪ ಇಳಿದಿತ್ತು. ಅದರ ಮುಖ್ಯ ಕಾರಣ ಮಾತ್ರೆಯಲ್ಲ, ಹುಡುಗಿಯರ ಮದುವೆಯ ವಯಸ್ಸು ಮೇಲೆ ಹೋದದ್ದು. ಹತ್ತು ಲಕ್ಷ ಡಾಲರು ಮಾಡದ ಕೆಲಸವನ್ನು ಎರಡು-ಮೂರು ವರ್ಷ ತಡವಾದ ಮದುವೆ ಮಾಡಿತ್ತು.

ಈಗ ಪಂಜಾಬಿನಿಂದ ನಮ್ಮ ಕಡೆಗೆ ಬರೋಣ. ಜಾನ್ ಕಾಲ್ಡ್‌ವೆಲ್ ಅಂತ ಆಸ್ಟ್ರೇಲಿಯದ ಜನಸಂಖ್ಯಾ ವಿದ್ವಾಂಸ. ನೈಜೀರಿಯಾದಲ್ಲಿ ಯೊರುಬಾ ಜನರ ನಡುವೆ ಬಹಳ ಕಾಲ ಕೆಲಸ ಮಾಡಿ 1976ರಲ್ಲಿ ಒಂದು ಮಾತು ಹೇಳಿದ: ಒಂದು ಮನೆಯಲ್ಲಿ ಸಂಪತ್ತು ಯಾವ ಕಡೆಗೆ ಹರಿಯುತ್ತದೆ ನೋಡಿ. ಮಕ್ಕಳಿಂದ ಹೆತ್ತವರ ಕಡೆಗೆ ಹರಿಯುತ್ತಿದ್ದರೆ ಹೆಚ್ಚು ಮಕ್ಕಳು ಬೇಕು ಅನ್ನುವುದು ಬುದ್ಧಿವಂತಿಕೆ. ಹೆತ್ತವರಿಂದ ಮಕ್ಕಳ ಕಡೆಗೆ ಹರಿಯತೊಡಗಿದರೆ ಕಡಿಮೆ ಸಾಕು ಅನ್ನುವುದು ಬುದ್ಧಿವಂತಿಕೆ. ಈ ಹೊಳೆಯನ್ನು ತಿರುಗಿಸುವುದು ಯಾವುದು? 1980ರಲ್ಲಿ ಅವನೇ ಉತ್ತರ ಬರೆದ: ಎಲ್ಲ ಮಕ್ಕಳೂ ಹೋಗುವ ಶಾಲೆ.

ಯಾಕೆ ಅಂತ ನಿಮಗೆ ಯಾವ ಪುಸ್ತಕವೂ ಹೇಳಬೇಕಾಗಿಲ್ಲ. ಶಾಲೆಗೆ ಹೋದ ಹುಡುಗ ಹಗಲೆಲ್ಲ ಕುರಿ ಕಾಯೋಕೆ ಸಿಗೋದಿಲ್ಲ. ಸಂಜೆ ಬಂದವನಿಗೆ ಸಗಣಿ ಬಾಚು ಅಂತ ಹೇಳೋಕೆ ಅವ್ವನೇ ಹಿಂದೆಮುಂದೆ ನೋಡ್ತಾಳೆ. ಅವನಿಗೆ ಚಡ್ಡಿ ಬೇಕು, ನೋಟ್‌ಬುಕ್ಕು ಬೇಕು, ಜಾತ್ರೆಗೆ ಹೋದಾಗ ಪೆನ್ನು ಬೇಕು. ಮುಂದೆ ನೌಕರಿ ಸಿಕ್ಕೀತು ಅನ್ನುವ ಆಸೆ ಹುಟ್ಟಿದ ಮೇಲಂತೂ ಅವನು ಮನೆಯ ಆಳಾಗಿ ಉಳಿಯುವುದಿಲ್ಲ, ಮನೆಯ ಬಂಡವಾಳ ಆಗ್ತಾನೆ. ಬಂಡವಾಳವನ್ನು ಎಂಟು ಕಡೆ ಹಾಕೋಕಾಗುತ್ತಾ?

ಕಾಲ್ಡ್‌ವೆಲ್ ಆಮೇಲೆ ಕರ್ನಾಟಕಕ್ಕೇ ಬಂದ. ಪಿ.ಎಚ್. ರೆಡ್ಡಿ ಮತ್ತು ಪ್ಯಾಟ್ ಕಾಲ್ಡ್‌ವೆಲ್ ಜೊತೆ ಸೇರಿ, ಬೆಂಗಳೂರಿನ ಪಶ್ಚಿಮಕ್ಕಿರುವ ಒಂದು ದೊಡ್ಡ ಊರು, ಅದರ ಸುತ್ತಿನ ಸಣ್ಣ ಹಳ್ಳಿಗಳು, ಇಷ್ಟನ್ನೇ ಹಿಡಿದು ಎಂಬತ್ತರ ದಶಕದಲ್ಲಿ ಅಧ್ಯಯನ ಮಾಡಿದರು. ಸಾವಿರಾರು ಮನೆ ಸುತ್ತಿ ಗುರುತು ಹಾಕಿಕೊಂಡು ಓಡಿಹೋಗುವ ನಮ್ಮ ರೀತಿ ಬಿಟ್ಟು, ಅದೇ ಮನೆಗಳಿಗೆ ಮತ್ತೆ ಮತ್ತೆ ಹೋಗಿ ಕೂತು ಮಾತಾಡಿಸುವ ರೀತಿ. 1988ರಲ್ಲಿ ಪುಸ್ತಕವಾಗಿ ಬಂತು. ಮೈನೆರೆದ ಕೂಡಲೆ ಮದುವೆ ಅನ್ನುವ ಕಟ್ಟು ಸಡಿಲಿದ್ದು, ಹೆಣ್ಣಿಗೆ ಗಂಡಿನವರು ತೆರ ಕೊಡುವುದು ಹೋಗಿ ಹೆಣ್ಣಿನವರು ವರದಕ್ಷಿಣೆ ಕೊಡುವುದು ಬಂದದ್ದು, ಮಕ್ಕಳ ಓದಿನ ಖರ್ಚು ನೋಡಿ ಅಪ್ಪ ಅವ್ವ ಎರಡಕ್ಕೆ ಮೂರಕ್ಕೆ ಸಾಕು ಅಂದದ್ದು ಎಲ್ಲ ಅದರಲ್ಲಿದೆ.

ಇದಕ್ಕೂ ಬಹಳ ಮೊದಲೇ, 1951-52ರಲ್ಲಿ, ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಸೇರಿ ನಮ್ಮ ಮೈಸೂರು ರಾಜ್ಯದಲ್ಲೇ ಒಂದು ಜನಸಂಖ್ಯಾ ಅಧ್ಯಯನ ನಡೆಸಿದ್ದವು. ವರದಿ ಬಂದದ್ದು 1961ರಲ್ಲಿ. ಅದರಲ್ಲಿ ಒಂದು ಸಂಗತಿಯನ್ನು ಈ ಕಡೆ ಕೂತಿರುವ ಹುಡುಗಿಯರು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಏನೂ ಓದದ ಹೆಂಗಸಿಗೂ ಪ್ರೈಮರಿ ಓದಿದ ಹೆಂಗಸಿಗೂ ಮಕ್ಕಳ ಸಂಖ್ಯೆಯಲ್ಲಿ ಹೆಚ್ಚು ಅಂತರ ಕಾಣಲಿಲ್ಲ. ಅಂತರ ಎದ್ದು ಕಂಡದ್ದು ಹೈಸ್ಕೂಲು ದಾಟಿದವರಲ್ಲಿ. ಅ ಆ ಇ ಈ ಕಲಿಸಿ, ಸಹಿ ಹಾಕಿಸಿ, ನಾಲ್ಕನೇ ಕ್ಲಾಸಿಗೆ ಬಿಡಿಸಿದರೆ ಹೆಣ್ಣಿನ ಬದುಕು ತಿರುಗೋದಿಲ್ಲ ಅಂತ ಎಪ್ಪತ್ತು ವರ್ಷದ ಹಿಂದೆಯೇ ಕಂಡಿತ್ತು.

ಸ್ವಲ್ಪ ಅಂಕಿ ಕೊಡ್ತೀನಿ, ಬರೆದುಕೊಳ್ಳಿ. ದೇಶದ ಪರಿಶಿಷ್ಟ ಜಾತಿಯ ಹೆಣ್ಣುಮಕ್ಕಳಲ್ಲಿ ಅಕ್ಷರ ಬಲ್ಲವರು 1961ರ ಜನಗಣತಿಯಲ್ಲಿ ನೂರಕ್ಕೆ 3.29. 1981ರಲ್ಲಿ 10.93. 2011ರಲ್ಲಿ 56.46. ಇನ್ನು ಒಬ್ಬ ಹೆಂಗಸು ಹೆರುವ ವಯಸ್ಸು ಮುಗಿಯುವುದರೊಳಗೆ ಸರಾಸರಿ ಎಷ್ಟು ಮಕ್ಕಳನ್ನು ಹೆರುತ್ತಾಳೆ ಅನ್ನುವ ಲೆಕ್ಕ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 1998-99ಕ್ಕೆ ಪರಿಶಿಷ್ಟ ಜಾತಿಯವರಲ್ಲಿ ಅದು 3.15 ಇತ್ತು. 2019-21ಕ್ಕೆ 2.08. ಅದೇ ಸಮೀಕ್ಷೆಯಲ್ಲಿ ದೇಶದ ಒಟ್ಟು ಸರಾಸರಿ 2.0, ಕರ್ನಾಟಕದ್ದು 1.7. ಒಂದು ತಲೆಮಾರು ತನ್ನ ಜಾಗಕ್ಕೆ ಅಷ್ಟೇ ಜನರನ್ನು ಬಿಟ್ಟುಹೋಗಲು ಬೇಕಾದದ್ದು ಸುಮಾರು 2.1. ಅಂದ ಮೇಲೆ ಬಸ್‌ಸ್ಟ್ಯಾಂಡಿನಲ್ಲಿ, ಸ್ಟಾಫ್ ರೂಮಿನಲ್ಲಿ "ನಿಮ್ಮೋರು ಹೆತ್ತುಹೆತ್ತು ಹಾಕ್ತಾರೆ" ಅನ್ನುವವರಿಗೆ ಈ ಎರಡು ಅಂಕಿ ಸಾಕು. ಜಾತಿಯ ರಕ್ತದಲ್ಲಿ ಏನೋ ಇದೆ ಅನ್ನುವವರ ಬಾಯಿಗೆ ಬೀಗ. ಅಂತರ ಇರುವುದು ಓದಿನದು: ಅದೇ 2019-21ರ ಸಮೀಕ್ಷೆಯಲ್ಲಿ ಶಾಲೆಗೇ ಹೋಗದ ಹೆಂಗಸರಲ್ಲಿ 2.8, ಹನ್ನೆರಡು ವರ್ಷ ಮತ್ತು ಮೇಲೆ ಓದಿದವರಲ್ಲಿ 1.8.

ಇಲ್ಲಿಗೆ ನಿಲ್ಲಿಸಿದರೆ ನೀವು ಚಪ್ಪಾಳೆ ತಟ್ಟಿ, ಓದಿದವರೇ ಶ್ರೇಷ್ಠ ಅಂದುಕೊಂಡು ಹೋಗ್ತೀರಿ. ಅದು ತಪ್ಪು. ಮಾರಿ ಭಟ್ ಅನ್ನುವ ಜನಸಂಖ್ಯಾ ವಿದ್ವಾಂಸರು 2002ರಲ್ಲಿ ತೋರಿಸಿದ್ದು ಏನೆಂದರೆ, ಭಾರತದಲ್ಲಿ ಹೆರಿಗೆ ಇಳಿದದ್ದರಲ್ಲಿ ದೊಡ್ಡ ಪಾಲು ಅಕ್ಷರ ಗೊತ್ತಿಲ್ಲದ ಹೆಂಗಸರದ್ದೇ. ತಾವು ಓದಲಿಲ್ಲ, ಆದರೆ ಇರುವ ಮಕ್ಕಳನ್ನು ಓದಿಸಬೇಕು ಅಂತ ಕಡಿಮೆ ಮಕ್ಕಳಿಗೆ ನಿಲ್ಲಿಸಿದರು. ಅಂದರೆ ಈ ಕೆಲಸ ಮಾಡಿದ್ದು ನಿಮ್ಮ ಓದಲ್ಲ, ನೀವು ಓದಲಿ ಅಂತ ನಿಮ್ಮವ್ವ ಮಾಡಿದ ಲೆಕ್ಕಾಚಾರ. ಹೆಬ್ಬೆಟ್ಟು ಒತ್ತುವವಳು ಹಾಕಿದ ಲೆಕ್ಕ. ಆ ಹತ್ತು ಅಂಕದ ಉತ್ತರವನ್ನು ಈಗ ಮತ್ತೊಮ್ಮೆ ಓದಿಕೊಳ್ಳಿ.

ಆ ಲೆಕ್ಕಕ್ಕೆ ಬೆಲೆ ಕೊಟ್ಟದ್ದೂ ಅವಳೇ. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976-77ರ ಒಂದೇ ವರ್ಷ, ದೇಶದಲ್ಲಿ 80 ಲಕ್ಷಕ್ಕೂ ಮೇಲೆ ಸಂತಾನಹರಣ ಆಪರೇಷನ್ ಆದವು. ಬಹುಪಾಲು ಗಂಡಸರದ್ದು. ಶಾಲೆ ಮೇಷ್ಟ್ರಿಗೆ ಇಷ್ಟು ಕೇಸು ಅಂತ ಕೋಟಾ. ಸಿಕ್ಕಿಬಿದ್ದವರು ಯಾರು? ಹೇಳೋರು ಕೇಳೋರು ಇಲ್ಲದವರು. 1977ರ ಚುನಾವಣೆಯಲ್ಲಿ ಸರ್ಕಾರ ಬಿತ್ತು. ಬಿದ್ದ ಮೇಲೆ ಬಂದ ಸರ್ಕಾರಗಳು ಒಂದು ಪಾಠ ಕಲಿತವು: ಗಂಡಸರ ತಂಟೆಗೆ ಹೋಗಬಾರದು. 2019-21ರಲ್ಲಿ ದೇಶದಲ್ಲಿ ಆಪರೇಷನ್ ಮಾಡಿಸಿಕೊಂಡ ಹೆಂಗಸರು ನೂರಕ್ಕೆ ಸುಮಾರು 38, ಗಂಡಸರು ನೂರಕ್ಕೆ ಅರ್ಧವೂ ಇಲ್ಲ, 0.3. ಕರ್ನಾಟಕದಲ್ಲಿ ಹೆಂಗಸರು ನೂರಕ್ಕೆ 57. ಗಂಡಸರದ್ದು ಸುಲಭದ ಆಪರೇಷನ್ ಅಂತ ಯಾವ ಡಾಕ್ಟರನ್ನು ಕೇಳಿದರೂ ಹೇಳ್ತಾರೆ. ಸೊಂಟ ನೋವು ಅಂತ ಕಳೆ ಕೀಳೋಕೆ ಬಗ್ಗಲಾರದ ಹೆಂಗಸರು ಎಲ್ಲರ ಮನೆಯಲ್ಲೂ ಇದ್ದಾರೆ. ಗಂಡಸರು "ನಾನು ಭಾರ ಎತ್ತಬೇಕಲ್ಲ" ಅಂತಾರೆ. ಅವಳು ಎತ್ತೋದೇನು, ಹತ್ತಿಯಾ?

ಬಾಬಾಸಾಹೇಬರ ಫೋಟೋ ಪ್ರತಿ ಹಾಸ್ಟೆಲಿನಲ್ಲೂ ಇದೆ. ಈ ವಿಷಯದಲ್ಲಿ ಅವರು ಏನು ಹೇಳಿದರು ಅಂತ ಕೇಳಿದರೆ ಎಷ್ಟು ಜನ ಕೈ ಎತ್ತುತ್ತೀರಿ? ಮೈಸೂರು ಸಂಸ್ಥಾನದ ಸರ್ಕಾರ 1930ರಲ್ಲೇ ಆಸ್ಪತ್ರೆಯಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ಕು ತೆರೆಯಲು ಆಜ್ಞೆ ಹೊರಡಿಸಿತ್ತು. ಸರ್ಕಾರವೇ ತೆರೆದಂಥವುಗಳಲ್ಲಿ ಅದು ಜಗತ್ತಿಗೇ ಮೊದಲನೆಯದು ಅಂತಾರೆ. ಮುಂಬೈ ಪ್ರಾಂತದಲ್ಲಿ ಅಂಥದ್ದು ಇರಲಿಲ್ಲ. 1938ರ ನವೆಂಬರಿನಲ್ಲಿ ಮುಂಬೈ ಶಾಸನಸಭೆಯಲ್ಲಿ ಬಾಬಾಸಾಹೇಬರ ಸ್ವತಂತ್ರ ಕಾರ್ಮಿಕ ಪಕ್ಷ, ಸಂತಾನ ನಿಯಂತ್ರಣದ ಸೌಲಭ್ಯವನ್ನು ಸರ್ಕಾರ ಜನರಿಗೆ ಒದಗಿಸಲಿ ಅಂತ ನಿರ್ಣಯ ತಂದಿತು. ಅವರು ಸಿದ್ಧಪಡಿಸಿದ ಭಾಷಣವನ್ನು ಪಿ.ಜೆ. ರೋಹಮ್ ಮಂಡಿಸಿದರು. ಹೆರಿಗೆಯ ನೋವು ಗಂಡಸು ಒಂದು ಸಲ ತಿಂದಿದ್ದರೆ ಎರಡನೆಯದಕ್ಕೆ ಒಪ್ಪುತ್ತಿರಲಿಲ್ಲ ಅನ್ನುವ ಅರ್ಥದ ಮಾತು ಅದರಲ್ಲಿದೆ. ನಿರ್ಣಯ ಸೋತಿತು. 1942ರ ಜುಲೈನಲ್ಲಿ ನಾಗಪುರದಲ್ಲಿ ಸೇರಿದ್ದ ಸಾವಿರಾರು ದಲಿತ ಹೆಣ್ಣುಮಕ್ಕಳಿಗೆ ಮಕ್ಕಳನ್ನು ಓದಿಸಿ, ಮದುವೆಗೆ ಅವಸರ ಪಡಬೇಡಿ, ಹೆಚ್ಚು ಹೆರಬೇಡಿ, ಗಂಡನಿಗೆ ದಾಸಿಯಾಗದೆ ಸಮಾನ ಗೆಳತಿಯಾಗಿ ನಿಲ್ಲಿ ಅಂತ ಹೇಳಿದರು. ಕೆಂಪು ತ್ರಿಕೋನ ಗೋಡೆಗೆ ಬರುವುದಕ್ಕೆ ಎಷ್ಟೋ ಮೊದಲು. ಸರ್ಕಾರ ಕೇಳಿದ್ದು "ಎಷ್ಟು ಹೆರ್ತೀರಿ" ಅಂತ. ಅವರು ಕೇಳಿದ್ದು ಹೆರುವವಳ ಕೈಯಲ್ಲಿ ತೀರ್ಮಾನ ಇದೆಯಾ ಅಂತ.

ಅದಕ್ಕೂ ಹಿಂದೆ, 1916ರ ಮೇ 9ರಂದು, ಇಪ್ಪತ್ತೈದು ವರ್ಷದ ಹುಡುಗನಾಗಿ ಅವರು ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಒಂದು ಪ್ರಬಂಧ ಓದಿದರು. ಜಾತಿ ಅಂದರೆ ಏನು? ಒಳಗೊಳಗೇ ಮದುವೆ. ಒಂದು ಗುಂಪು ಬಾಗಿಲು ಹಾಕಿಕೊಂಡು ಒಳಗೇ ಮದುವೆಯಾಗಬೇಕಾದರೆ ಗಂಡು ಹೆಣ್ಣಿನ ಸಂಖ್ಯೆ ಸರಿದೂಗಬೇಕು. ಗಂಡ ಸತ್ತರೆ ಒಬ್ಬಳು ಹೆಚ್ಚಾದಳು. ಅವಳನ್ನು ಚಿತೆಗೆ ಹಾಕು, ಇಲ್ಲಾ ತಲೆ ಬೋಳಿಸಿ ಮೂಲೆಗೆ ಕೂರಿಸು. ಹೆಂಡತಿ ಸತ್ತವನು ಹೆಚ್ಚಾದರೆ? ಗಂಡಸನ್ನು ಸುಡೋಕಾಗುತ್ತಾ! ಅವನಿಗೆ ಇನ್ನೂ ಮದುವೆ ವಯಸ್ಸಿಗೆ ಬಾರದ ಮಗುವನ್ನು ಕಟ್ಟು. ಸತಿ, ವಿಧವೆಯ ಮೇಲಿನ ಬಲವಂತ, ಬಾಲ್ಯವಿವಾಹ, ಮೂರೂ ಜಾತಿಯ ಬೇಲಿಯನ್ನು ಕಾಯುವ ಉಪಾಯಗಳು ಅಂತ ಲೆಕ್ಕ ಬಿಡಿಸಿ ತೋರಿಸಿದರು. ಕುಟುಂಬ ಹೇಗೆ ಕಟ್ಟಲ್ಪಡುತ್ತದೆ ಅನ್ನುವುದರ ಮೇಲೆ ನಮ್ಮ ದೇಶದವರು ಮಾಡಿದ ಸಂಶೋಧನೆಗಳಲ್ಲಿ ನನ್ನ ಮಟ್ಟಿಗೆ ಇದೇ ದೊಡ್ಡದು.

ನಮ್ಮ ಕೇರಿಗಳಲ್ಲಿ ಕೂಡಿಕೆ ಇತ್ತು, ಸೀರೆ ಉಡಿಕೆ ಇತ್ತು. ಗಂಡ ಸತ್ತವಳು ಇನ್ನೊಬ್ಬನ ಜೊತೆ ಬಾಳುವೆ ಮಾಡಬಹುದಿತ್ತು. ಅದನ್ನೇ ಮೇಲ್ಜಾತಿಯವರು ಕೀಳು ಅಂತ ಆಡಿಕೊಂಡರು. ತೆರ ಇತ್ತು. ಎಂ.ಎನ್. ಶ್ರೀನಿವಾಸರು 1942ರ ತಮ್ಮ ಪುಸ್ತಕದಲ್ಲೇ ಮೈಸೂರಿನ ಬ್ರಾಹ್ಮಣೇತರ ಜಾತಿಗಳ ತೆರವನ್ನು ಬರೆದಿಟ್ಟಿದ್ದಾರೆ. ಹೆಣ್ಣು ದುಡಿಯುವ ಕೈ, ಅವಳನ್ನು ಕರೆದೊಯ್ಯುವವನು ಅವಳ ಅಪ್ಪನ ಮನೆಗೆ ಏನಾದರೂ ಕೊಡಬೇಕು ಅನ್ನುವ ಲೆಕ್ಕ. ತೆರ ಒಳ್ಳೆಯದಿತ್ತು ಅಂತ ನಾನು ಹೇಳೋದಿಲ್ಲ, ಅದೂ ಹೆಣ್ಣಿಗೆ ಬೆಲೆ ಕಟ್ಟುವುದೇ. ಆದರೆ ಅದನ್ನು ಬಿಟ್ಟು ನಾವು ಹಿಡಿದದ್ದೇನು? ನಮ್ಮ ಹುಡುಗ ಹಾಸ್ಟೆಲಿನಲ್ಲಿ ಓದಿ, ಸ್ಕಾಲರ್‌ಶಿಪ್ಪಿನಲ್ಲಿ ಡಿಗ್ರಿ ಮಾಡಿ, ಮೀಸಲಾತಿಯಲ್ಲಿ ಗುಮಾಸ್ತನಾದ ಕೂಡಲೆ ಅವನಿಗೆ ರೇಟು ಬಂತು. ಮೋಟರ್ ಸೈಕಲ್ಲು, ಉಂಗುರ, ಛತ್ರದಲ್ಲಿ ಮದುವೆ. ಕೊಡೋನು ಯಾರು? ಅದೇ ಕೇರಿಯ ಕೂಲಿ ಅಪ್ಪ. ಅವನು ಏನು ಮಾಡ್ತಾನೆ? ಹೆಣ್ಣು ಓದಿದಷ್ಟೂ ಹೆಚ್ಚು ಓದಿದ ಗಂಡು ಹುಡುಕಬೇಕು, ಹೆಚ್ಚು ಕೊಡಬೇಕು ಅಂತ ಎಸ್ಸೆಸ್ಸೆಲ್ಸಿಗೇ ಬಿಡಿಸ್ತಾನೆ. ಓದಿದ ಹುಡುಗ ಓದಬೇಕಾದ ಹುಡುಗಿಯ ಶಾಲೆ ಬಿಡಿಸಿದ. ಇದನ್ನು ಮನುವಿನ ಮೇಲೆ ಹಾಕಬೇಡಿ, ಇದು ನಿಮ್ಮದು.

ಇನ್ನೊಂದು ಹೇಳ್ತೀನಿ, ಮುಂದಿನ ಸಾಲಿನವರು ಕೇಳಿ. 2011-12ರ ಒಂದು ದೊಡ್ಡ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಜಾತಿ ದಾಟಿದ ಮದುವೆ ನೂರಕ್ಕೆ ಸುಮಾರು 5. ಓದಿದರೆ ಜಾತಿ ಸಡಿಲಾಗುತ್ತೆ ಅಂತ ನಾವೆಲ್ಲ ನಂಬಿದ್ದೆವು. ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ದೆಹಲಿ ಕೇಂದ್ರದ ಅರ್ಥಶಾಸ್ತ್ರಜ್ಞರು ಆ ಅಂಕಿಗಳನ್ನು ಬಿಡಿಸಿ ನೋಡಿದಾಗ ಮದುವೆಯಾಗುವ ಗಂಡು ಹೆಣ್ಣಿನ ಓದಿಗೂ ಜಾತಿ ದಾಟುವುದಕ್ಕೂ ಹೇಳುವಂಥ ಸಂಬಂಧ ಕಾಣಲಿಲ್ಲ. ಸಂಬಂಧ ಕಂಡದ್ದು ಗಂಡಿನ ತಾಯಿಯ ಓದಿನ ಜೊತೆ. ನೀನು ಎಂ.ಎ. ಮಾಡಿದರೂ ನಿನ್ನ ಅವ್ವನನ್ನು ಓದಿಸದೆ ಇಟ್ಟಿದ್ದಕ್ಕೆ ಈ ಸಮಾಜ ಒಂದು ತಲೆಮಾರು ದಂಡ ಕಟ್ಟುತ್ತೆ ಅಂತಾಯ್ತು.

ಕಾನೂನಿನ ಮಾತು ಎರಡೇ ಹೇಳಿ ಮುಗಿಸ್ತೀನಿ. ತೊಂಬತ್ತರ ದಶಕದಿಂದ ಆಂಧ್ರ, ರಾಜಸ್ಥಾನ, ಹರಿಯಾಣದಂಥ ರಾಜ್ಯಗಳು ಎರಡಕ್ಕಿಂತ ಹೆಚ್ಚು ಮಕ್ಕಳಿರುವವರು ಪಂಚಾಯ್ತಿಗೆ ನಿಲ್ಲಬಾರದು ಅಂತ ಕಾನೂನು ತಂದವು. 2003ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಮೀಸಲಾತಿಯಿಂದ ದಲಿತ ಹೆಂಗಸು ಪಂಚಾಯ್ತಿ ಕುರ್ಚಿ ಹತ್ತುವ ಹೊತ್ತಿಗೇ ಅವಳ ಮಕ್ಕಳನ್ನು ಎಣಿಸತೊಡಗಿದರು. ನಿರ್ಮಲಾ ಬುಚ್ ಐದು ರಾಜ್ಯಗಳಲ್ಲಿ ಮಾಡಿದ ಅಧ್ಯಯನದಲ್ಲಿ ಕುರ್ಚಿ ಕಳೆದುಕೊಂಡವರು ಹೆಚ್ಚಾಗಿ ದಲಿತರು, ಆದಿವಾಸಿಗಳು, ಹಿಂದುಳಿದವರು ಅಂತ ಕಂಡಿತು. ಈಗ ಗಾಳಿ ತಿರುಗಿದೆ. ಆಂಧ್ರ 2024ರಲ್ಲಿ ಆ ಕಾನೂನನ್ನು ರದ್ದು ಮಾಡಿ, ಜನ ಕಡಿಮೆಯಾಗ್ತಿದ್ದಾರೆ, ಹೆಚ್ಚು ಹೆರಿ ಅನ್ನುವ ಮಾತು ಅಲ್ಲಿನ ಮುಖ್ಯಮಂತ್ರಿಯ ಬಾಯಲ್ಲೇ ಬಂತು. ಅವರಿಗೆ ಬೇಡವಾದಾಗ ಹೆರಬೇಡ, ಬೇಕಾದಾಗ ಹೆರು. ಹೆರುವವಳನ್ನು ಕೇಳಿದವರು ಆಗಲೂ ಇಲ್ಲ, ಈಗಲೂ ಇಲ್ಲ.

ನನ್ನ ಮನೆಯ ಲೆಕ್ಕ ಹೇಳದೆ ನಿಮ್ಮದನ್ನು ಮಾತ್ರ ಕೆದಕಿದರೆ ನಾನೂ ಆ ಜಗುಲಿಯ ಮೇಲ್ವಿಚಾರಕನಾಗ್ತೀನಿ. ನಾವು ಮೂವರು ಉಳಿದವರು. ಅಕ್ಕ, ಅಣ್ಣ, ನಾನು. ಅಕ್ಕ ನಾಲ್ಕನೇ ಕ್ಲಾಸಿನಲ್ಲಿ ಇಡೀ ಸ್ಕೂಲಿಗೆ ಮೊದಲು. ಅವ್ವ ಕೂಲಿಗೆ ಹೋದಾಗ ನನ್ನನ್ನು ಎತ್ತಿಕೊಳ್ಳೋರು ಯಾರು ಅಂತ ಬಿಡಿಸಿದರು. ಹದಿನೈದಕ್ಕೆ ಮದುವೆ. ಅಣ್ಣ ಹಾಸ್ಟೆಲಿಗೆ ಹೋದ, ಆಮೇಲೆ ನಾನು ಹೋದೆ. ಅನ್ನ ಹಾಸ್ಟೆಲಿನದು, ಫೀಜು ಸರ್ಕಾರದ್ದು. ಹಾಗಾಗಿ ನನ್ನ ಓದಿಗೆ ಮನೆಯಿಂದ ಖರ್ಚೇ ಆಗಲಿಲ್ಲ ಅಂತ ಬಹಳ ವರ್ಷ ಅಂದುಕೊಂಡಿದ್ದೆ. ಮೊನ್ನೆ ಅಕ್ಕನ ಮನೆಗೆ ಹೋಗಿದ್ದೆ. ಮೊಮ್ಮಗಳ ಪುಸ್ತಕ ಹಿಡಿದು ಅಕ್ಷರ ಕೂಡಿಸ್ತಾ ಕೂತಿದ್ದಳು. "ನಾಲ್ಕನೇ ಪಾಠದ ತನಕ ಬರ್ತದೆ ಕಣೆ, ಐದನೇದು ಬರಾಕಿಲ್ಲ" ಅಂದಳು.

ಮಾತು ಮುಗಿಸಬೇಕು ಅನ್ನುವಷ್ಟರಲ್ಲಿ ಯಾರೋ ಚೀಟಿ ಕಳಿಸಿದ್ದಾರೆ. ಹೆಸರಿಲ್ಲ, ನಾನೂ ಕೇಳೋದಿಲ್ಲ. "ಮೇಡಂ, ನಾನು ಸೆಕೆಂಡ್ ಪಿ.ಯು. ನನಗೆ ಹದಿನೇಳು. ಪರೀಕ್ಷೆ ಮುಗಿದ ವಾರಕ್ಕೆ ಮದುವೆ ಅಂತಿದ್ದಾರೆ. ಅಣ್ಣ ಡಿಗ್ರಿ ಮಾಡ್ತಿದ್ದಾನೆ, ಅವನೂ ಒಪ್ಪಿದ್ದಾನೆ. ಏನು ಮಾಡಲಿ?"

ನೋಡಮ್ಮ, ಮೊದಲು ಕಾನೂನು. ಹದಿನೆಂಟರ ಒಳಗೆ ನಿನ್ನ ಮದುವೆ ಮಾಡುವುದು ಅಪರಾಧ. ಕರ್ನಾಟಕದ ತಿದ್ದುಪಡಿಯ ಪ್ರಕಾರ ಅಂಥ ಮದುವೆ ಮೊದಲಿಂದಲೇ ಅಸಿಂಧು. 1098ಕ್ಕೆ ಫೋನು ಮಾಡಬಹುದು, ದುಡ್ಡಿಲ್ಲ, ಹೆಸರು ಹೇಳಬೇಕಾಗಿಲ್ಲ. ಆದರೆ ಫೋನು ಮಾಡಿದ ಮೇಲೂ ನೀನು ಅದೇ ಮನೆಗೆ ಹೋಗಬೇಕು, ಅದು ನನಗೆ ಗೊತ್ತು. ಅದಕ್ಕೇ ಊಟದ ಹೊತ್ತಿಗೆ ಹುಡುಗಿಯರ ಕೋಣೆಯಲ್ಲಿ ನಾನಿರ್ತೀನಿ, ಬಾ, ಇಬ್ಬರೂ ಕೂತು ನಿಮ್ಮಪ್ಪನಿಗೆ ಏನು ಹೇಳೋದು ಅಂತ ಯೋಚಿಸೋಣ. ನಾನೇ ಬೇಕಾದರೂ ನಿಮ್ಮೂರಿಗೆ ಬರ್ತೀನಿ.

ಆ ಅಣ್ಣ ಯಾವ ಹಾಸ್ಟೆಲಿನಲ್ಲಿದ್ದಾನೋ. ಇಲ್ಲೇ ಕೂತಿದ್ದರೆ ಅವನೂ ಬರಲಿ.